ತೆಂಡ್ರಲ್ ಬೀದಿಯನ್ನು ಅಳೆದ ಚಂದ್ರಮತಿ

ಚಂದ್ರಮತಿಯ ಕೆಲಸ ಮೊದಲ ಬಾರಿಗೆ ಹೊಸ್ತಿಲು ದಾಟಿದ್ದು ಅವಳಿಗೆ ಐವತ್ತಾರು ತುಂಬಿದ ಮೇಲೆ. ಅಲ್ಲಿಯತನಕ ಮೂವತ್ತೊಂದು ವರ್ಷ ಅವಳು ಅಣ್ಣಾ ನಗರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಕುಳಿತು ಚೆನ್ನೈ ನಗರಕ್ಕೆ ಬಣ್ಣ ಹಚ್ಚುತ್ತಿದ್ದಳು. ಸರ್ಕಾರಕ್ಕೆ ನಕ್ಷೆ ಮಾಡಿಕೊಡುವ ಸಣ್ಣ ಕಂಪನಿ ಅದು. ಊರಿನ ಯಾವ ಜಾಗ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಹೊರಗೆ ಸುತ್ತುವವರು ನೋಡಿ ಬರೆದು ತರುತ್ತಿದ್ದರು. ಒಳಗೆ ಕುಳಿತವಳು ಅದಕ್ಕೆ ಬಣ್ಣ ತುಂಬುತ್ತಿದ್ದಳು. ಮನೆಗಳಿಗೆ ಹಳದಿ, ಅಂಗಡಿ ಮತ್ತು ಕಚೇರಿಗಳಿಗೆ ನೀಲಿ, ಕಾರ್ಖಾನೆಗಳಿಗೆ ನೇರಳೆ. ಮೊದಲು ಟ್ರೇಸಿಂಗ್ ಹಾಳೆಯ ಮೇಲೆ ಕುಂಚ, ಆಮೇಲೆ ಬಣ್ಣದ ಪೆನ್ಸಿಲ್, ಕೊನೆಗೆ ಕಂಪ್ಯೂಟರಿನ ಮೌಸ್. ಕೈಯಲ್ಲಿದ್ದದ್ದು ಬದಲಾಯಿತು, ಕುರ್ಚಿ ಬದಲಾಗಲಿಲ್ಲ.

ಅಂಬತ್ತೂರಿನ ಕೈಗಾರಿಕಾ ಪ್ರದೇಶದ ಸರ್ವೆ ನಂಬರುಗಳು ಅವಳಿಗೆ ಬಾಯಿಪಾಠ. ಪೋರೂರಿನ ಕೆರೆಯ ಅಂಚಿನಲ್ಲಿ ಮನೆಗಳು ಯಾವ ಕಡೆಯಿಂದ ಎದ್ದುಬಂದವೆಂದು ಕೇಳಿದರೆ ಕಣ್ಣುಮುಚ್ಚಿಕೊಂಡು ಗೆರೆ ಎಳೆದು ತೋರಿಸುತ್ತಿದ್ದಳು. ಆದರೆ ಆ ಎರಡು ಕಡೆಗೂ ಅವಳು ಹೋಗಿದ್ದದ್ದು ಒಂದೊಂದೇ ಸಲ, ಅದೂ ನೆಂಟರ ಮದುವೆಗೆ.

ಅವಳು ಹುಟ್ಟಿದ್ದು ಚೆನ್ನೈನದೇ ತಿರುವಲ್ಲಿಕ್ಕೇಣಿಯ ಒಂದು ಮಾಧ್ವರ ಮನೆಯಲ್ಲಿ. ಮುತ್ತಜ್ಜ ಯಾವ ಊರಿನಿಂದ ಮದರಾಸಿಗೆ ಬಂದರೆನ್ನುವುದು ಮನೆಯಲ್ಲಿ ಯಾರಿಗೂ ನೆನಪಿಲ್ಲದಷ್ಟು ಹಳೆಯ ಸಂಸಾರ. ಓರಗೆಯ ಹುಡುಗಿಯರೆಲ್ಲ ಟೈಪಿಂಗ್ ಕಲಿಯಲು ಹೋಗುತ್ತಿದ್ದ ಕಾಲದಲ್ಲಿ ಇವಳು ಹಟಮಾಡಿ ನಕ್ಷೆ ಬರೆಯಲು ಕಲಿಸುವ ಡ್ರಾಫ್ಟ್ಸ್‌ಮನ್ ಕೋರ್ಸಿಗೆ ಸೇರಿದಳು. ನಲವತ್ತು ಗಂಡುಹುಡುಗರ ನಡುವೆ ಒಬ್ಬಳೇ. ಅವಳು ಎಳೆದ ಗೆರೆ ನೋಡಿದ ಸುಜಯೀಂದ್ರ ರಾಯರು, ಹೊಸದಾಗಿ ನಕ್ಷೆ ಕಂಪನಿ ತೆರೆದಿದ್ದವರು, ಕರೆದು ಕೆಲಸ ಕೊಟ್ಟರು. ರಾಯರು ತೀರಿಕೊಂಡ ಮೇಲೆ ಅವರ ಮಗ ಮಧುಸೂದನ್ ಕಂಪನಿ ನೋಡಿಕೊಳ್ಳುತ್ತಿದ್ದ. ಚಡ್ಡಿ ಹಾಕಿಕೊಂಡು ಆಫೀಸಿಗೆ ಬಂದು ಅವಳ ಬಣ್ಣದ ಪೆನ್ಸಿಲ್ ಕದಿಯುತ್ತಿದ್ದವನು ಈಗ ಅವಳ ಯಜಮಾನ.

ಆ ಮೇ ತಿಂಗಳಲ್ಲಿ ಕಂಪನಿಗೆ ಅಂಬತ್ತೂರು ಸುತ್ತಿನ ಭೂಬಳಕೆಯ ಸರ್ವೆ ಕೆಲಸ ಸಿಕ್ಕಿತು. ತಮಿಳರು ಅಗ್ನಿ ನಕ್ಷತ್ರವೆನ್ನುವ ಕಡುಬೇಸಿಗೆಯ ಬಿಸಿಲು. ಬೀದಿ ಸುತ್ತಲು ನೇಮಿಸಿಕೊಂಡಿದ್ದ ಇಬ್ಬರು ಮೊದಲ ವಾರವೇ ಕೈಕೊಟ್ಟರು. ಮಧುಸೂದನ್ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ಚಂದ್ರಮತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಮಧು, ನಾ ಹೋಗ್ತೀನಿ."

"ನೀವಾ ಆಂಟಿ? ಫೀಲ್ಡ್ ವರ್ಕ್ ಅದು. ದಿನಾ ಆರೇಳು ಕಿಲೋಮೀಟರ್ ನಡೀಬೇಕು."

"ಮೂವತ್ತೊಂದು ವರ್ಷ ಕೂತಿದೀನಿ. ಇನ್ನು ನಡೆದ್ರೆ ಸರಿಹೋಗತ್ತೆ."

ಅವನು ನಕ್ಕ. ಅವಳು ನಗಲಿಲ್ಲ. ಆಗ ಅವನೂ ನಗು ನಿಲ್ಲಿಸಿ ಟ್ಯಾಬ್ ಎತ್ತಿ ಅವಳ ಕೈಗೆ ಕೊಟ್ಟ.

ಮನೆಯಲ್ಲಿ ಮಾತ್ರ ದೊಡ್ಡ ಗಲಾಟೆಯಾಯಿತು. ಗಂಡ ವಿಷ್ಣುತೀರ್ಥ ವಿಮಾ ಕಚೇರಿಯಿಂದ ನಿವೃತ್ತರಾದವರು. ಹವಾಮಾನ ವರದಿ ಕೇಳದೆ ತರಕಾರಿಗೂ ಹೋಗದ ಮನುಷ್ಯ. "ಅಂಬತ್ತೂರಿಗಾ? ಈ ವೆಯಿಲ್‌ಲಾ? ಈ ಬಿಸಿಲಿಗೆ ಗಂಡು ಮಕ್ಕಳೇ ಓಡಿಹೋಗಿದಾರೆ, ನೀನು ಹೋಗ್ತೀಯಾ?" ಎಂದು ಊಟದ ತಟ್ಟೆ ಮುಂದಿಟ್ಟುಕೊಂಡು ಅರ್ಧ ಗಂಟೆ ಕೂಗಾಡಿದರು. ಬೆಳಗ್ಗೆ ಎದ್ದು ನೋಡಿದರೆ ಬಾಗಿಲ ಬಳಿ ಒಂದು ಚೀಲ ಸಿದ್ಧವಾಗಿತ್ತು: ಎರಡು ಕೊಡೆ, ಒಂದು ಟೋಪಿ, ನಿಂಬೆಹಣ್ಣಿನ ಪಾನಕ ತುಂಬಿದ ಎರಡು ಬಾಟಲಿ, ಕಾಲಿಗೆ ಹಚ್ಚಿಕೊಳ್ಳಲು ಮುಲಾಮು. "ಗಂಟೆಗೊಂದು ಸಲ ಫೋನ್ ಮಾಡು," ಎಂದು ಮುಖ ಊದಿಸಿಕೊಂಡೇ ಬಸ್ ಸ್ಟಾಪಿನವರೆಗೂ ಬಂದು ಹತ್ತಿಸಿದರು.

ಅವಳ ಪಾಲಿಗೆ ಮೊದಲು ಬಂದದ್ದು ತೆಂಡ್ರಲ್ ಬೀದಿ. ತೆಂಡ್ರಲ್ ಎಂದರೆ ತಂಗಾಳಿ. ಬೀದಿಗೆ ಹೆಸರಿಟ್ಟವರು ಅಲ್ಲಿಗೆ ಬಂದಿರಲಿಕ್ಕಿಲ್ಲ. ಕಬ್ಬಿಣ ಉಜ್ಜುವ ವಾಸನೆ, ಯಂತ್ರ ತಣಿಸುವ ಕೂಲಂಟ್ ಎಣ್ಣೆಯ ವಾಸನೆ, ಮಲ್ಲಿಗೆ ಮಾರುವವಳ ಬುಟ್ಟಿಯ ವಾಸನೆ, ಎಲ್ಲೋ ಒಗ್ಗರಣೆಗೆ ಬಿದ್ದ ಇಂಗಿನ ವಾಸನೆ, ನಾಲ್ಕೂ ಒಟ್ಟಿಗೆ ಬಂದು ಚಂದ್ರಮತಿಯ ಮೂಗಿಗೆ ಬಡಿದವು. ಅವಳು ಬೀದಿಯ ತುದಿಯಲ್ಲೇ ನಿಂತುಬಿಟ್ಟಳು. ಈ ಬೀದಿಗೆ ಕಳೆದ ಸಲ ಬಣ್ಣ ಹಚ್ಚಿದ್ದು ಅವಳ ಕೈಯೇ. ತುದಿಯಿಂದ ತುದಿಗೆ ಒಂದೇ ನೇರಳೆ, ಒಂದು ಚುಕ್ಕೆ ಆಚೀಚೆ ಇಲ್ಲದಂತೆ. ಈಗ ನೋಡಿದರೆ ಕಬ್ಬಿಣ ಕಡೆಯುವ ಲೇತ್ ಶೆಡ್ಡಿನ ಮೇಲೆ ಮನೆ, ಮನೆಯ ಬಾಲ್ಕನಿಯಲ್ಲಿ ಒಣಹಾಕಿದ ಮಗುವಿನ ಲಂಗ, ಅದರ ಪಕ್ಕದಲ್ಲಿ 'ಇಲ್ಲಿ ಬ್ಲೌಸ್ ಹೊಲಿದುಕೊಡಲಾಗುತ್ತದೆ' ಎಂಬ ತಮಿಳು ಬೋರ್ಡು, ಕೆಳಗೆ ಮೆಸ್ಸು, ಅದರಾಚೆ ಶಿಶುವಿಹಾರ.

'ಅಯ್ಯೋ, ನಾನು ಇವರನ್ನೆಲ್ಲ ಒಂದೇ ಬಣ್ಣದಲ್ಲಿ ಮುಚ್ಚಿಬಿಟ್ಟಿದ್ದೆನಲ್ಲ,' ಎಂದುಕೊಂಡಳು.

ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್. ಮೊದಲ ಶೆಡ್ಡಿಗೆ ಹೋಗಿ ತಮಿಳಿನಲ್ಲಿ ಕೇಳಿದಳು: "ಇಲ್ಲಿ ಏನೇನು ಕೆಲಸ ನಡೆಯತ್ತೆ?"

ಒಳಗಿದ್ದವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕರೆಂಟ್ ಆಫೀಸಾ?" ಎಂದ. ಅವಳು ಅಲ್ಲವೆನ್ನುವಷ್ಟರಲ್ಲಿ ಅವನು, ತಪಾಸಣೆಗೆ ಬಂದಿದ್ದಾರೆಂದು ಪಕ್ಕದವನಿಗೆ ಸನ್ನೆ ಮಾಡಿದ್ದ. ಪಕ್ಕದವನು ಅದರಾಚೆಯವನಿಗೆ ಮಾಡಿದ. ಐದು ನಿಮಿಷದಲ್ಲಿ ಗಡಗಡ ಎನ್ನುತ್ತಿದ್ದ ಬೀದಿಗೆ ಬೀದಿಯೇ ಮೌನವಾಯಿತು. ಲೇತುಗಳು ನಿಂತವು. ಶಟರುಗಳು ಒಂದರ ಹಿಂದೊಂದು ಕೆಳಗಿಳಿದವು. ಚಂದ್ರಮತಿ ನಡುಬೀದಿಯಲ್ಲಿ ಕೊಡೆ ಹಿಡಿದುಕೊಂಡು ಒಬ್ಬಳೇ ನಿಂತಳು.

ಅಷ್ಟರಲ್ಲಿ ಗಂಡನ ಫೋನು. "ಕುಡಿದೆ ರೀ, ಪಾನಕ ಎರಡು ಸಲ ಕುಡಿದೆ. ನೆರಳಲ್ಲೇ ಇದೀನಿ. ಟೋಪಿ ಹಾಕ್ಕೊಂಡಿದೀನಿ. ನೀವು ಸುಮ್ನಿರಿ ಸ್ವಲ್ಪ," ಎನ್ನುತ್ತಿದ್ದಂತೆ ಹಿಂದಿನಿಂದ ಒಂದು ಧ್ವನಿ ಬಂತು.

"ಎಂತ ಅಮ್ಮಾ, ಕನ್ನಡದವ್ರಾ ನೀವು? ಮೊದ್ಲೇ ಹೇಳೂಕಾಗ್ದಾ? ಬನ್ನಿ, ಒಳ್ಗೆ ಬನ್ನಿ, ಕೂಕಣಿ."

ಮೆಸ್ಸಿನ ಬಾಗಿಲಲ್ಲಿ ಅರುವತ್ತೈದರ ಹೆಂಗಸೊಬ್ಬಳು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಸೌಟು ಹಿಡಿದಿದ್ದ ಆಕೆ ಅಮ್ಮಣ್ಣಿ. ಕರಾವಳಿಯ ಸಾಲಿಗ್ರಾಮದ ಕಡೆಯವಳು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಅಂಬತ್ತೂರಿಗೆ ಬಂದು ಈ ಮೆಸ್ಸು ಶುರುಮಾಡಿದವಳು. ಗಂಡ ಹೋಗಿ ಹದಿನೆಂಟು ವರ್ಷವಾಗಿತ್ತು. ಮೆಸ್ಸಿನ ಸಾರು ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ಸುತ್ತಲಿನ ಕಾರ್ಖಾನೆಯ ಕೆಲಸಗಾರರ ಜೊತೆಗೆ ಈಚೆಗೆ ಗಾಜಿನ ಕಟ್ಟಡಗಳ ಕಂಪ್ಯೂಟರ್ ಹುಡುಗ ಹುಡುಗಿಯರೂ ಅಲ್ಲಿಗೇ ಊಟಕ್ಕೆ ಬರುತ್ತಿದ್ದರು.

ಚಂದ್ರಮತಿ ತನ್ನ ಕೆಲಸವೇನೆಂದು ವಿವರಿಸಿದಳು. ಅಮ್ಮಣ್ಣಿ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. "ಹಾಂಗಾರೆ ಹೆದ್ರಿಕೆ ಎಂತಕ್ಕೆ? ಯಾರ್ ಯಾರ್ ಎಲ್ಲೆಲ್ಲಿ ಇದ್ರ್ ಅಂತ ಬರೂಕ್ ಬಂದದ್ದ್ ಅಲ್ದಾ? ಬರ್ಕಣಿ. ನಾವ್ ಇಲ್ಲಿ ಇದ್ದೊ ಅಂತ ಯಾರಾರೂ ಒಂದ್ ಸಲ ಸಮಾ ಬರೀಲಿ."

ಅನ್ನ, ಹುರುಳಿ ಸಾರು, ಬೀನ್ಸ್ ಪಲ್ಯ ಬಡಿಸಿ, ಅವಳು ಕೈತೊಳೆಯುವವರೆಗೂ ಕಾದು, ಅಮ್ಮಣ್ಣಿ ಬೀದಿಗಿಳಿದಳು. ಒಂದೊಂದು ಶಟರಿಗೂ ಸೌಟಿನಿಂದ ಬಡಿದಳು. "ತೊರೆಂಗಪ್ಪಾ, ನಮ್ಮವಂಗ!" ಎಂದು ಸಾಲಿಗ್ರಾಮದ ರಾಗದಲ್ಲಿ ತಮಿಳು ಕೂಗಿದಳು. ಬಾಗಿಲು ತೆಗೆಯಿರಿ, ನಮ್ಮವರೇ ಎಂಬ ಆ ಕೂಗಿಗೆ ಶಟರುಗಳು ಮೇಲೇರಿದವು. ಲೇತುಗಳು ಮತ್ತೆ ತಿರುಗಿದವು.

ಮುಂದಿನ ದಿನಗಳು ಚಂದ್ರಮತಿಯ ಬದುಕಿನ ಅತ್ಯಂತ ಸಂತೋಷದ ದಿನಗಳಾದವು. ಅವಳಿಗೆ ಪ್ರತಿ ಬಾಗಿಲೂ ಹೊಸ ಅಚ್ಚರಿ. ಒಂದು ಶೆಡ್ಡಿನಲ್ಲಿ ಅಣ್ಣ ಕೆಳಗೆ ಪಂಪಿನ ಬಿಡಿಭಾಗ ಕಡೆಯುತ್ತಿದ್ದರೆ ತಮ್ಮ ಮೇಲೆ ವೀಣೆ ದುರಸ್ತಿ ಮಾಡುತ್ತಿದ್ದ. ಇನ್ನೊಂದರಲ್ಲಿ ಅಜ್ಜಿಯೊಬ್ಬಳು ಮನೆಯ ಹಜಾರದಲ್ಲಿ ಕುಳಿತು, ಕಾರ್ಖಾನೆಯಿಂದ ಬಂದ ರಬ್ಬರ್ ಬಳೆಗಳ ಅಂಚು ಕತ್ತರಿಸುತ್ತ ಧಾರಾವಾಹಿ ನೋಡುತ್ತಿದ್ದಳು. "ಅಜ್ಜೀ, ಇದು ಮನೆಯೋ ಕಾರ್ಖಾನೆಯೋ?" ಎಂದು ಕೇಳಿದರೆ, "ಸೀರಿಯಲ್ ಬರುವಾಗ ಮನೆ, ಜಾಹೀರಾತು ಬರುವಾಗ ಕಾರ್ಖಾನೆ," ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ಚಂದ್ರಮತಿ ಟ್ಯಾಬಿನಲ್ಲಿ ಅದನ್ನು ಹೇಗೆ ತುಂಬುವುದು? ಅದು ಒಂದು ಕಟ್ಟಡಕ್ಕೆ ಒಂದೇ ಬಣ್ಣ ಕೇಳುತ್ತಿತ್ತು. ಅವಳು ಚೀಲದಿಂದ ಹಳೆಯ ನೋಟ್‌ಬುಕ್ ತೆಗೆದು ಎಲ್ಲವನ್ನೂ ಮಹಡಿ ಮಹಡಿಯಾಗಿ ಬರೆದುಕೊಳ್ಳತೊಡಗಿದಳು.

ಹದಿನೈದನೇ ದಿನ ವಿಷ್ಣುತೀರ್ಥರು ಹೇಳದೆ ಕೇಳದೆ ಅಂಬತ್ತೂರಿನಲ್ಲಿ ಪ್ರತ್ಯಕ್ಷರಾದರು. ಹೆಂಡತಿ ಬಿಸಿಲಿಗೆ ಬಿದ್ದಿರಬಹುದೆಂದು ನೋಡಲು ಬಂದವರಿಗೆ ಕಂಡದ್ದು, ಅವಳು ಲೇತಿನವರ ಜೊತೆ ನಿಂತು ಚಹಾ ಕುಡಿಯುತ್ತ ನಗುತ್ತಿರುವುದು. ಬಿಸಿಲಿಗೆ ಕೆಂಪಾಗಿದ್ದಳು, ಹತ್ತು ವರ್ಷ ಚಿಕ್ಕವಳಂತೆ ಕಾಣುತ್ತಿದ್ದಳು. ಅವರು ಕೊಡೆ ಹಿಡಿದುಕೊಂಡೇ ಹತ್ತಿರ ಬಂದರು.

"ಬಂದಿದೀರಲ್ಲ, ಈ ಅಳತೆ ಟೇಪಿನ ತುದಿ ಹಿಡ್ಕೊಳ್ಳಿ," ಎಂದಳು ಚಂದ್ರಮತಿ.

ಹಿಡಿದರು. ಅವತ್ತಿನಿಂದ ದಿನವೂ ಬಂದರು. ಟೇಪು ಸಡಿಲವಾದರೆ "ಇನ್ನೂ ಎಳೀರಿ," ಎಂದು ಹೆಂಡತಿ ಗದರುವುದು, "ಎಳೆದೇ ಇದೀನಿ ಕಣೇ," ಎಂದು ಇವರು ರೇಗುವುದು, ಅದನ್ನು ನೋಡಿ ಬ್ಲೌಸ್ ಹೊಲಿಯುವವರು ಮೇಲಿನಿಂದ ನಗುವುದು, ಇದು ತೆಂಡ್ರಲ್ ಬೀದಿಯ ದಿನಚರಿಯೇ ಆಗಿಹೋಯಿತು.

ತೊಡಕು ಬಂದದ್ದು ಜುಲೈಯಲ್ಲಿ. ಬೀದಿಯ ಕೊನೆಯಲ್ಲಿ ಬಹಳ ವರ್ಷದಿಂದ ಮುಚ್ಚಿದ್ದ ದೊಡ್ಡ ಕಾರ್ಖಾನೆಯ ಜಾಗವನ್ನು ಯಾರೋ ಕೊಂಡಿದ್ದರು. ಅಲ್ಲಿ ಹನ್ನೆರಡು ಮಹಡಿಯ ಕಚೇರಿ ಕಟ್ಟಡ ಏಳಲಿತ್ತು. ಮುಂದೆ ಎಲ್ಲಿ ಏನಿರಬಹುದೆಂದು ಗೊತ್ತುಮಾಡುವ ಯೋಜನಾ ಕಚೇರಿಯ ಕರಡು ನಕ್ಷೆಯಲ್ಲಿ ಆ ಜಾಗದ ಜೊತೆಗೆ ತೆಂಡ್ರಲ್ ಬೀದಿಯನ್ನೂ ಸೇರಿಸಿ ಪೂರ್ತಿ ನೀಲಿ ಮಾಡುವುದೆಂದು ತೀರ್ಮಾನವಾಗಿದೆ ಎಂದು ಮಧುಸೂದನ್ ಹೇಳಿದ.

"ನೀಲಿ ಮಾಡಿದ್ರೆ ಲೇತುಗಳ ಗತಿ ಏನು?"

"ಲೈಸೆನ್ಸ್ ರಿನ್ಯೂ ಆಗಲ್ಲ ಆಂಟಿ. ಬೇರೆ ಕಡೆ ಹೋಗಬೇಕಾಗತ್ತೆ."

"ಸರಿ, ಹಳೇ ಥರ ನೇರಳೆ ಬಿಟ್ಟರೆ?"

"ಆಗ ನಿಮ್ಮ ಮೆಸ್ಸು, ಟೈಲರು, ಪ್ಲೇಸ್ಕೂಲು, ಇವರಿಗೆಲ್ಲ ಪ್ರಾಬ್ಲಮ್. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಇನ್ನು ಕೇಳ್ತಾರೆ."

ಚಂದ್ರಮತಿಯ ಕಣ್ಣಮುಂದೆ ಬೀದಿಯ ಎರಡು ಪಕ್ಕವೂ ಬಂದು ನಿಂತವು. ಯಾವ ಬಣ್ಣ ಹಚ್ಚಿದರೂ ಅರ್ಧ ಬೀದಿ ಅಳಿಸಿಹೋಗುತ್ತದೆ. ಹಿಂದಿನ ಸಲ ಕುರ್ಚಿಯ ಮೇಲೆ ಕುಳಿತು, ಹಾಡು ಗುನುಗುತ್ತ ಮೌಸ್ ಆಡಿಸಿದ್ದು ನೆನಪಾಯಿತು.

"ನಂಗೆ ಹತ್ತು ದಿನ ಕೊಡು ಮಧು. ಬೀದಿಯನ್ನ ಮೇಲಿಂದ ನೋಡಿದ ಹಾಗಲ್ಲ, ಎದುರಿಂದ ನೋಡಿದ ಹಾಗೆ ಬರೀತೀನಿ. ಒಂದೊಂದು ಮಹಡಿಗೂ ಅದರದರ ಬಣ್ಣ."

"ಅವರ ಸಿಸ್ಟಮ್ ಅದನ್ನ ತೊಗೊಳ್ಳಲ್ಲ ಆಂಟಿ."

"ಸಿಸ್ಟಮ್ ಬೇಡ. ಮನುಷ್ಯರು ನೋಡಲಿ."

ಮಧುಸೂದನ್ ನಿಟ್ಟುಸಿರುಬಿಟ್ಟ. ಆದರೆ ಸಂಜೆ ಮನೆಗೆ ಹೋಗುವ ಮುನ್ನ ತನ್ನ ತಂದೆಯ ಬೀರು ತೆಗೆದು, ಅಲ್ಲಿ ಉಳಿದಿದ್ದ ದಪ್ಪ ಡ್ರಾಯಿಂಗ್ ಕಾಗದದ ಸುರುಳಿಯನ್ನು ಅವಳ ಮೇಜಿನ ಮೇಲಿಟ್ಟು ಹೋಗಿದ್ದ.

ಅವಳು ಬರೆಯಲು ಕುಳಿತಳು. ಮನೆಯ ಹಜಾರದ ನೆಲದ ಮೇಲೆ ಕಾಗದ ಹಾಸಿ, ಎರಡು ತುದಿಗೂ ಧಾನ್ಯದ ಡಬ್ಬಿ ಇಟ್ಟು, ಮಂಡಿಯೂರಿ ಬರೆದಳು. ಐವತ್ತೆಂಟು ಕಟ್ಟಡ, ಪ್ರತಿಯೊಂದಕ್ಕೂ ಬಾಗಿಲು, ಕಿಟಕಿ, ಮೆಟ್ಟಿಲು, ಬೋರ್ಡು. ಒಳಗೆ ನಡೆಯುವ ಕೆಲಸಕ್ಕೆ ತಕ್ಕ ಬಣ್ಣ. ವಿಷ್ಣುತೀರ್ಥರು ಪೆನ್ಸಿಲ್ ಕೆತ್ತಿ ಕೊಡುತ್ತ, "ಇಲ್ಲಿ ವೀಣೆಯವನ ಕಿಟಕಿಗೆ ಸರಳಿತ್ತು, ಬಿಟ್ಟಿದೀಯಾ," ಎಂದು ತಪ್ಪು ಹುಡುಕುತ್ತ ಪಕ್ಕದಲ್ಲೇ ಕುಳಿತಿರುತ್ತಿದ್ದರು.

ಆ ಬೀದಿಯಲ್ಲಿ ಒಂದು ಕಟ್ಟಡ ಮಾತ್ರ ಅವಳ ಮನಸ್ಸನ್ನು ಕೊರೆಯುತ್ತಿತ್ತು. ಅದು ಕೃಷ್ಣರಾಜನ ಪವರ್ ಪ್ರೆಸ್ ಶೆಡ್ಡು. ಕೃಷ್ಣರಾಜ ಐವತ್ತರ ಆಸುಪಾಸಿನವನು. ಅವನ ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಫಿಟರ್ ಆಗಿದ್ದು, ಅಲ್ಲಿನ ಕೆಲಸ ಬಿಟ್ಟು ಅಂಬತ್ತೂರಿಗೆ ಬಂದು ಈ ಪ್ರೆಸ್ಸು ಹಾಕಿದ್ದ. ಲಾರಿಯ ಬ್ರೇಕಿಗೆ ಬೇಕಾದ ತಗಡುಗಳನ್ನು ಒಂದೇ ಏಟಿಗೆ ಕತ್ತರಿಸುವ ದೈತ್ಯ ಅದು. ಅದರ ಗೋಡೆಗೆ ಅಂಟಿಕೊಂಡೇ ಶಿಶುವಿಹಾರ. ಪ್ರೆಸ್ಸು ಬಡಿದಾಗಲೆಲ್ಲ ಶಿಶುವಿಹಾರದ ಗೋಡೆ ನಡುಗುತ್ತಿತ್ತು. ಮಲಗಿದ ಮಕ್ಕಳು ಬೆಚ್ಚಿ ಏಳುತ್ತಿದ್ದವು.

ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಉಪಚಾರ ಮಾಡಿದವನೂ ಅವನೇ. ಚಂದ್ರಮತಿ ಬಂದಾಗಲೆಲ್ಲ ಫ್ಯಾನು ಅವಳ ಕಡೆ ತಿರುಗಿಸಿ, ಎಳನೀರು ತರಿಸುತ್ತಿದ್ದ.

"ಅದೊಂದ್ ಬರೀಬೇಡಿ ಅಮ್ಮಾ," ಎಂದಳು ಅಮ್ಮಣ್ಣಿ. "ಪಾಪ, ಒಳ್ಳೆ ಜನ. ಗೋಡೆ ನಡುಗೂದ್ ನಿಮ್ಗ್ ಕಂಡಿಲ್ಲೆ ಅಂದ್ರೆ ಮುಗೀತ್."

ಚಂದ್ರಮತಿ ಎರಡು ದಿನ ಯೋಚಿಸಿದಳು. ಮೂರನೇ ದಿನ ಕೃಷ್ಣರಾಜನನ್ನೇ ಶಿಶುವಿಹಾರದೊಳಗೆ ಕರೆದುಕೊಂಡು ಹೋದಳು. ಗೋಡೆಯ ಮಾಡದಲ್ಲಿ ನೀರು ತುಂಬಿದ ಲೋಟ ಇಟ್ಟಳು. ಆಚೆ ಅವನ ಕೆಲಸಗಾರರು ಪ್ರೆಸ್ಸು ನಡೆಸುತ್ತಿದ್ದರು. ಪ್ರತಿ ಏಟಿಗೂ ನೀರು ಕುಣಿದು ಲೋಟದ ಅಂಚು ದಾಟುತ್ತಿತ್ತು. ಚಾಪೆಯ ಮೇಲೆ ಮಲಗಿದ್ದ ಒಂದು ಮಗು ಪ್ರತಿ ಏಟಿಗೂ ಮುಷ್ಟಿ ಬಿಗಿಹಿಡಿಯುತ್ತಿತ್ತು.

ಕೃಷ್ಣರಾಜ ನೋಡಿದ. ಅವನ ಮುಖ ಕಪ್ಪಿಟ್ಟಿತು.

"ಹಂಗಾದ್ರೆ ನನ್ನ ಮಾತ್ರ ತೆಗೀತೀರಾ ಮೇಡಮ್? ನಮ್ಮಪ್ಪ ಇಟ್ಟ ಮಿಷಿನ್ ಅದು."

"ನಾನು ಯಾರನ್ನೂ ತೆಗೆಯೋದಿಲ್ಲ ಕೃಷ್ಣರಾಜ್. ಇದ್ದದ್ದನ್ನ ಬರೀತೀನಿ. ಉಳಿದ ಐವತ್ತೇಳು ಮನೆ ವಿಷಯ ನಾನು ಹೇಳೋದು ನಂಬಬೇಕಾದ್ರೆ ನಿಮ್ಮದನ್ನೂ ನಿಜವಾಗೇ ಬರೀಬೇಕಲ್ಲ? ಆದ್ರೆ ಒಂದು ಮಾಡ್ತೀನಿ. ಈ ಮಿಷಿನ್ನಿಗೆ ಸರಿಯಾದ ಜಾಗ ಬೇಕು, ಇಂಡಸ್ಟ್ರಿಯಲ್ ಎಸ್ಟೇಟ್ ಒಳಗೆ ಖಾಲಿ ಶೆಡ್ಡು ಕೊಡಿ ಅಂತ ಅದರ ಕೆಳಗೇ ಬರೀತೀನಿ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮಾರನೇ ದಿನದಿಂದ ಎಳನೀರು ಬರಲಿಲ್ಲ. ಅವಳು ಎದುರಿಗೆ ಬಂದರೆ ಅವನು ಮುಖ ತಿರುಗಿಸುತ್ತಿದ್ದ. ಚಂದ್ರಮತಿಗೆ ಅದು ಚುಚ್ಚಿತು. ಆದರೂ ಬರೆದದ್ದನ್ನು ಅಳಿಸಲಿಲ್ಲ.

ಕರಡು ನಕ್ಷೆಯ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆ ಒಂದು ಶನಿವಾರ ಬೆಳಗ್ಗೆ ಹತ್ತಿರದ ಕಲ್ಯಾಣ ಮಂಟಪದಲ್ಲಿ ನಡೆಯಿತು. ಗೋಡೆಯ ತುಂಬ ದೊಡ್ಡ ನಕ್ಷೆ ತೂಗುಹಾಕಿದ್ದರು. ಜನ ಅದರ ಮುಂದೆ ಕತ್ತೆತ್ತಿ ನಿಂತು, "ನಮ್ಮನೆ ಎಲ್ಲಿ?" "ಇದು ಯಾವ ರಸ್ತೆ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ತೆಂಡ್ರಲ್ ಬೀದಿ ಅದರಲ್ಲಿ ಹೆಬ್ಬೆರಳಿನಷ್ಟು ನೀಲಿ ಪಟ್ಟಿ. ಅದರೊಳಗೆ ಯಾರೂ ತಮ್ಮನ್ನು ತಾವು ಕಾಣಲಾರದೆ ಹೋದರು. ಎರಡು ಮಾತು ಹೇಳಬೇಕೆಂದು ಬಂದವರೂ ಬಾಯಿ ಕಟ್ಟಿದಂತೆ ಹಿಂದೆ ಹೋಗಿ ಕುಳಿತರು.

ಚಂದ್ರಮತಿಯ ಚಿತ್ರ ಇಪ್ಪತ್ತೆರಡು ಅಡಿ ಉದ್ದವಾಗಿತ್ತು. ಅದನ್ನು ಹಾಸಲು ಸಭೆಯಲ್ಲಿ ಜಾಗವಿರಲಿಲ್ಲ. ಆಗ ಅಮ್ಮಣ್ಣಿಗೆ ಹೊಳೆಯಿತು. "ಊಟದ ಹಾಲ್ ಒಳ್ಗೆ ಉದ್ದ ಟೇಬಲ್ ಇತ್ತಲ್ದಾ! ಅಲ್ಲಿ ಹಾಸಿ."

ಸುರುಳಿಯ ಒಂದು ತುದಿಯನ್ನು ವಿಷ್ಣುತೀರ್ಥರು ಹಿಡಿದರು. ಇನ್ನೊಂದು ತುದಿಗೆ ಚಂದ್ರಮತಿ ಕೈಹಾಕುವ ಮುನ್ನ ಇನ್ನೊಂದು ಕೈ ಬಂತು. ಮಧುಸೂದನ್. "ಆಫೀಶಿಯಲ್ ಅಲ್ಲ, ಸುಮ್ಮಾ ಹೆಲ್ಪ್ ಮಾಡ್ತಿದೀನಿ," ಎಂದು ಕಣ್ಣು ಮಿಟುಕಿಸಿದ.

ಕಾಗದ ಬಿಚ್ಚಿಕೊಂಡಿತು. ಮೊದಲು ನೋಡಿದವನು ವೀಣೆ ದುರಸ್ತಿಯವನು. "ಅರೆ, ನನ್ನ ಕಿಟಕಿ!" ಎಂದ. ಅಷ್ಟೇ. ಸಭೆಯಲ್ಲಿ ಕುಳಿತಿದ್ದ ಬೀದಿಯೆಲ್ಲ ಊಟದ ಹಾಲಿಗೆ ನುಗ್ಗಿತು. ಮೇಜಿನ ಎರಡೂ ಕಡೆ ಜನ. ತಮ್ಮ ಬಾಗಿಲು ಸಿಕ್ಕವರು ಅದರ ಮೇಲೆ ಬೆರಳಿಟ್ಟು ಪಕ್ಕದವರಿಗೆ ತೋರಿಸಿದರು. ಟೈಲರ್ ಹೆಂಗಸು ಬೆರಳೆತ್ತಿ, "ಅಮ್ಮಾ, ನನ್ನ ಮಿಷಿನ್ ಮೊದಲ ಮಹಡಿಯಲ್ಲಲ್ಲ, ಈಗ ಎರಡನೆಯದಕ್ಕೆ ಹೋಗಿದೆ," ಎಂದು ತಕರಾರು ಮಾಡಿದಳು. ಚಂದ್ರಮತಿ ಅಲ್ಲೇ ರಬ್ಬರ್ ತೆಗೆದು ಉಜ್ಜಿ, ನೀಲಿ ಪೆನ್ಸಿಲಿನಿಂದ ಎರಡನೇ ಮಹಡಿ ತುಂಬಿದಳು. ಜನ ಚಪ್ಪಾಳೆ ತಟ್ಟಿದರು. ಧಾರಾವಾಹಿಯ ಅಜ್ಜಿ ತನ್ನ ಹಜಾರ ಅರ್ಧ ಹಳದಿ, ಅರ್ಧ ನೇರಳೆ ಆಗಿದ್ದನ್ನು ನೋಡಿ, ಎರಡು ಬಣ್ಣದ ಸೀರೆಯ ಹಾಗೆ ಬಹಳ ಚೆನ್ನಾಗಿದೆ ಎಂದಳು. ನಗು ಹಾಲಿನ ತುಂಬ ಹರಡಿತು.

ಆ ಗದ್ದಲಕ್ಕೆ ಯೋಜನಾ ಕಚೇರಿಯ ಹಿರಿಯ ಅಧಿಕಾರಿಣಿಯೂ ಎದ್ದುಬಂದರು. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ನಡೆದರು. ಮತ್ತೆ ವಾಪಸು ಬಂದರು. ಪವರ್ ಪ್ರೆಸ್ಸಿನ ಚಿತ್ರದ ಕೆಳಗಿನ ಟಿಪ್ಪಣಿಯ ಹತ್ತಿರ ನಿಂತು ಎರಡು ಸಲ ಓದಿದರು.

"ಇದನ್ನ ಬರೆದೋರು ಯಾರು?" ಎಂದು ತಮಿಳಿನಲ್ಲಿ ಕೇಳಿದರು.

ಮೂವತ್ತೊಂದು ವರ್ಷದಲ್ಲಿ ಚಂದ್ರಮತಿಯ ಹೆಸರು ಯಾವ ನಕ್ಷೆಯ ಮೇಲೂ ಬಂದಿರಲಿಲ್ಲ. "ನಾನೇ ಮೇಡಮ್," ಎಂದಳು.

"ಬನ್ನಿ, ಬೀದಿ ತೋರಿಸಿ."

ಆ ಮಧ್ಯಾಹ್ನ ಇಬ್ಬರು ಹೆಂಗಸರು ತೆಂಡ್ರಲ್ ಬೀದಿಯನ್ನು ತುದಿಯಿಂದ ತುದಿಗೆ ನಡೆದರು. ಹಿಂದೆ ಕೊಡೆ ಹಿಡಿದ ವಿಷ್ಣುತೀರ್ಥರು, ಅವರ ಹಿಂದೆ ಮಧುಸೂದನ್, ಅವರ ಹಿಂದೆ ಇಡೀ ಬೀದಿ. ಅಧಿಕಾರಿಣಿ ಲೇತುಗಳ ಮೋಟಾರು ಎಷ್ಟು ಶಕ್ತಿಯದೆಂದು ಬಗ್ಗಿ ನೋಡಿದರು, ಮಹಡಿ ಹತ್ತಿ ಅಲ್ಲಿಗೆ ಸದ್ದು ಎಷ್ಟು ಕೇಳುತ್ತದೆಂದು ಕಿವಿಗೊಟ್ಟರು, ಕೊನೆಗೆ ಅಮ್ಮಣ್ಣಿಯ ಮೆಸ್ಸಿನಲ್ಲಿ ಕುಳಿತು ಎರಡು ಸಲ ಸಾರು ಹಾಕಿಸಿಕೊಂಡರು. ಏನೂ ಮಾತು ಕೊಡಲಿಲ್ಲ. "ಚಿತ್ರದ ಒಂದು ಪ್ರತಿ ಕಳಿಸಿಕೊಡಿ," ಎಂದಷ್ಟೇ ಹೇಳಿ ಜೀಪು ಹತ್ತಿದರು.

ಏಳು ತಿಂಗಳು ಯಾವ ಸುದ್ದಿಯೂ ಇಲ್ಲ. ಮಳೆ ಬಂದು ಹೋಯಿತು, ಪೊಂಗಲ್ ಮುಗಿಯಿತು. ಚಂದ್ರಮತಿ ಅಷ್ಟರಲ್ಲಿ ಇನ್ನೂ ಹದಿನಾಲ್ಕು ಬೀದಿ ಅಳೆದಿದ್ದಳು. ಫೆಬ್ರವರಿಯ ಒಂದು ಬೆಳಗ್ಗೆ ತಿದ್ದಿದ ನಕ್ಷೆ ಬಂತು. ಮಧುಸೂದನ್ ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿ, "ಆಂಟೀ!" ಎಂದು ಕೂಗಿದ. ಕೊನೆಯ ದೊಡ್ಡ ಜಾಗ ನೀಲಿಯೇ ಆಗಿತ್ತು. ಆದರೆ ತೆಂಡ್ರಲ್ ಬೀದಿ ಅದರಿಂದ ಬೇರೆಯಾಗಿ ನಿಂತಿತ್ತು. ಮಿಶ್ರ ಬಳಕೆ: ಮನೆ, ಅಂಗಡಿ, ಸಣ್ಣ ಮೋಟಾರಿನ ಕೈಗಾರಿಕೆ ಮೂರೂ ಒಟ್ಟಿಗೆ ಇರಬಹುದಾದ ವಲಯ. ಒಂದು ಕಟ್ಟಡದ ಬಗ್ಗೆ ಮಾತ್ರ ಟಿಪ್ಪಣಿ ಇತ್ತು: ಪವರ್ ಪ್ರೆಸ್ಸನ್ನು ಎಸ್ಟೇಟಿನ ಒಳಗಿನ ಶೆಡ್ಡಿಗೆ ಸ್ಥಳಾಂತರಿಸತಕ್ಕದ್ದು, ಶೆಡ್ಡನ್ನು ಆದ್ಯತೆಯ ಮೇಲೆ ಕೊಡತಕ್ಕದ್ದು.

ಚಂದ್ರಮತಿ ಮೊದಲು ಫೋನ್ ಮಾಡಿದ್ದು ಅಮ್ಮಣ್ಣಿಗೆ. ಆಕೆ ಫೋನನ್ನು ಹಾಗೇ ಹಿಡಿದು ಬೀದಿಗೆ ಓಡಿದ್ದು, ಅಲ್ಲಿಂದ ಎದ್ದ ಕೇಕೆ, ಯಾರೋ ಲೇತಿನ ಮೇಲೆ ಸುತ್ತಿಗೆಯಿಂದ ತಾಳ ಹಾಕಿದ್ದು, ಎಲ್ಲವೂ ಅಣ್ಣಾ ನಗರದ ಆಫೀಸಿಗೆ ಕೇಳಿಸಿತು.

ಕೃಷ್ಣರಾಜನಿಂದ ಮಾತ್ರ ಸದ್ದಿರಲಿಲ್ಲ. ಕೆಲವು ವಾರದ ಮೇಲೆ, ಅವನು ಪ್ರೆಸ್ಸು ಬಿಚ್ಚಿಸುತ್ತಿದ್ದಾನೆ ಎಂದು ಅಮ್ಮಣ್ಣಿ ಹೇಳಿದಳು. ಅಪ್ಪನ ಮಿಷಿನ್ ಲಾರಿಗೆ ಹೇರುವಾಗ ಅತ್ತನಂತೆ ಎಂದೂ ಹೇಳಿದಳು. ಆ ರಾತ್ರಿ ಚಂದ್ರಮತಿಗೆ ಊಟ ಸೇರಲಿಲ್ಲ.

ಏಪ್ರಿಲ್ ಮೊದಲ ವಾರ ಅವನೇ ಅವಳ ಮನೆಗೆ ಬಂದ. ಕೈಯಲ್ಲಿ ತಾಂಬೂಲದ ತಟ್ಟೆ. ಹೊಸ್ತಿಲಲ್ಲೇ ನಿಂತು, ತಲೆ ಕೆರೆದುಕೊಂಡ.

"ಶುಕ್ರವಾರ ಹೊಸ ಶೆಡ್ ಪೂಜೆ ಮೇಡಮ್. ಸರ್ ಕೂಡ ಬರಬೇಕು. ನನಗೆ ಕೋಪ ಇತ್ತು, ಸುಳ್ಳು ಹೇಳಲ್ಲ. ಈಗ ಹೋಗಿ ನೋಡಿದ್ರೆ ಗೊತ್ತಾಯ್ತು. ಹಳೇ ಕಡೆ ಅಕ್ಕಪಕ್ಕದವರಿಗೆ ಹೆದರ್ಕೊಂಡು ಪ್ರೆಸ್‌ನ ಅರ್ಧ ಸ್ಪೀಡ್‌ನಲ್ಲಿ ಓಡಿಸ್ತಿದ್ದೆ. ಇಲ್ಲಿ ಆರಡಿ ಆಳಕ್ಕೆ ಫೌಂಡೇಶನ್ ಹಾಕಿದೀನಿ. ಇನ್ನು ಫುಲ್ ಸ್ಪೀಡ್!"

ಶುಕ್ರವಾರ ಅವರು ಹೋದಾಗ ಬೀದಿಯ ಅರ್ಧ ಜನ ಅಲ್ಲಿಯೇ ಇದ್ದರು. ಶೆಡ್ಡಿನ ಬಾಗಿಲಿಗೆ ಮಾವಿನ ತೋರಣ, ಪ್ರೆಸ್ಸಿಗೆ ಅರಿಸಿನ ಕುಂಕುಮ, ಮಲ್ಲಿಗೆಯ ದಂಡೆ. ಶಿಶುವಿಹಾರದ ಟೀಚರ್ ಕೂಡ ಮಕ್ಕಳು ಬರೆದ ಬಣ್ಣದ ಕಾಗದ ಹಿಡಿದು ಬಂದಿದ್ದಳು. ಮಂಗಳಾರತಿಯಾದ ಮೇಲೆ ಕೃಷ್ಣರಾಜ ಚಂದ್ರಮತಿಯನ್ನು ಕರೆದು ಹಸಿರು ಗುಂಡಿಯ ಮುಂದೆ ನಿಲ್ಲಿಸಿದ.

"ನಾನಾ? ನನಗೆ ಭಯ ಕಣಪ್ಪ," ಎಂದಳು.

"ಬೀದಿಯನ್ನೇ ತಿದ್ದಿದೋರಿಗೆ ಭಯವಾ? ಒತ್ತಿ ಮೇಡಮ್."

ಅವಳು ಕಣ್ಣುಮುಚ್ಚಿ ಒತ್ತಿದಳು. ದೈತ್ಯ ಒಂದು ಸಲ ಉಸಿರೆಳೆದುಕೊಂಡು ಧಡ್ ಎಂದು ಬಡಿಯಿತು. ಥಳಥಳಿಸುವ ತಗಡೊಂದು ತಟ್ಟೆಗೆ ಜಾರಿತು. ಕೃಷ್ಣರಾಜ ಅದನ್ನೆತ್ತಿ ಕಣ್ಣಿಗೊತ್ತಿಕೊಂಡು, ನಗುತ್ತ ಅಳುತ್ತ ಎಲ್ಲರ ಕೈಗೂ ಕೊಟ್ಟು ತೋರಿಸಿದ. ಅಮ್ಮಣ್ಣಿ ಮೆಸ್ಸಿನಿಂದ ತಂದಿದ್ದ ಕಡಲೆಬೇಳೆ ಬೆಲ್ಲದ ಸಿಹಿ ಹಯಗ್ರೀವವನ್ನು ಎಲ್ಲರಿಗೂ ಬಡಿಸಿಕೊಂಡು ಬಂದಳು.

ವಿಷ್ಣುತೀರ್ಥರು ಎರಡನೇ ಸಲ ಹಯಗ್ರೀವ ಹಾಕಿಸಿಕೊಂಡು ಪ್ರೆಸ್ಸಿನ ಸುತ್ತ ತಿರುಗುತ್ತ ಕೆಲಸಗಾರರಿಗೆ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಿದ್ದರು. ಇದಕ್ಕೆ ಎಷ್ಟು ಎಣ್ಣೆ ಬೇಕು, ಇದು ಎಷ್ಟು ಟನ್ ಒತ್ತುತ್ತದೆ, ಈ ಚಕ್ರ ಯಾಕೆ ಇಷ್ಟು ದೊಡ್ಡದು. ಹನ್ನೆರಡು ಗಂಟೆಯ ಬಿಸಿಲು ಹೊರಗೆ ಸುಡುತ್ತಿತ್ತು.

"ಬನ್ನಿ ರೀ, ಮನೆಗೆ ಹೋಗೋಣ. ವೆಯಿಲ್ ಜಾಸ್ತಿಯಾಗತ್ತೆ," ಎಂದಳು ಚಂದ್ರಮತಿ.

"ನೀ ಸುಮ್ನಿರೇ," ಎಂದರು ಅವರು, ತಿರುಗಿ ಕೂಡ ನೋಡದೆ. "ಇನ್ನೊಂದು ಸಲ ಬಡಿಯೋದು ನೋಡಿಬಿಟ್ಟು ಬರ್ತೀನಿ."